ನಾಲ್ಕು ಪದಗಳಿಗೆ ಒಂದೇ ‘ಮಿನುಗು’

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ವಾರಕ್ಕೊಂದು ಇಂಗ್ಲಿಷ್ ಅಕ್ಷರ ಹಿಡಿದು, ಅದರಿಂದ ಶುರುವಾಗುವ ಹನ್ನೆರಡು ಪದಗಳನ್ನೂ ಎದುರಿಗೆ ಅವುಗಳ ಕನ್ನಡ ಅರ್ಥವನ್ನೂ ಕೊಡುತ್ತೀರಿ. ಕಳೆದ ವಾರ ‘ಜಿ’ ಅಕ್ಷರದ ಸರದಿ. ಆ ಪಟ್ಟಿಯ ಬಗ್ಗೆ ನನ್ನದೊಂದು ತಕರಾರಿದೆ. ಪತ್ರ ಉದ್ದವಾಗುತ್ತದೆ. ಜಾಗ ಸಾಲದಿದ್ದರೆ ಕತ್ತರಿಸಿ, ಆದರೆ ಕತ್ತರಿಸುವ ಮೊದಲು ಒಮ್ಮೆ ಪೂರ್ತಿ ಓದಿ.

ಹತ್ತು ವರ್ಷದ ನನ್ನ ಮೊಮ್ಮಗಳು ಪಟ್ಟಿಯನ್ನು ಗಟ್ಟಿಯಾಗಿ ಉರು ಹೊಡೆಯುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಕನ್ನಡಕ ಹುಡುಕುತ್ತಿದ್ದೆ. “ಗ್ಲೀಮ್ ಎಂದರೆ ಮಿನುಗು. ಗ್ಲಿಮರ್ ಎಂದರೆ ಮಿನುಗು. ಗ್ಲಿಸನ್ ಎಂದರೆ ಮಿನುಗು. ಗ್ಲಿಟರ್ ಎಂದರೆ ಮಿನುಗು. ಗ್ಲವ್ ಎಂದರೆ ಕೈಗವಸು.” ಮೂರನೆಯ ಸಲ ಹೇಳುವ ಹೊತ್ತಿಗೆ ನಿಲ್ಲಿಸಿ ನನ್ನ ಬಳಿ ಬಂದಳು. “ಅಜ್ಜ, ನಾಲ್ಕಕ್ಕೂ ಒಂದೇ ಅರ್ಥವಾದರೆ ಒಂದನ್ನು ಕಲಿತರೆ ಸಾಕಲ್ಲವೇ? ಉಳಿದ ಮೂರು ಯಾಕೆ?”

ಸಂಪಾದಕರೇ, ಈ ಪ್ರಶ್ನೆಗೆ ನಿಮ್ಮ ಪಟ್ಟಿಯಲ್ಲಿ ಉತ್ತರವಿಲ್ಲ.

ನನ್ನ ಪರಿಚಯ ಎರಡು ಸಾಲಿನಲ್ಲಿ ಹೇಳಿಬಿಡುತ್ತೇನೆ. ಅಚ್ಚುಮೊಳೆ, ಅಂದರೆ ಅಚ್ಚು ಹಾಕುವ ಅಕ್ಷರದ ಲೋಹದ ತುಂಡು, ಜೋಡಿಸಿ ಜೀವನ ಮಾಡಿದವನು ನಾನು. ಕಂಪ್ಯೂಟರ್ ಬಂದು ಮೊಳೆಗಳೆಲ್ಲ ತೂಕಕ್ಕೆ ಹೋಗುವವರೆಗೆ ಕನ್ನಡ, ಇಂಗ್ಲಿಷ್ ಎರಡೂ ಕೇಸುಗಳ (ಮೊಳೆ ತುಂಬಿದ ಗೂಡುಗಳಿರುವ ತಟ್ಟೆಗಳ) ಮುಂದೆ ನಿಂತು ಕೆಲಸ ಮಾಡಿದ್ದೇನೆ. ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅಷ್ಟಕ್ಕಷ್ಟೇ. ಉಳಿದದ್ದನ್ನು ಬೆರಳು ಕಲಿಸಿತು. ಕೆಲಸ ಬಿಟ್ಟ ಮೇಲೆ ಪದಗಳ ಮೂಲ ಹೇಳುವ ಒಂದು ದಪ್ಪ ನಿಘಂಟು ಸಂಗಾತಿಯಾಯಿತು.

ಬೆರಳು ಕಲಿಸಿತು ಎಂದೆ. ಇಂಗ್ಲಿಷ್ ಕೇಸಿನಲ್ಲಿ ‘ಇ’ ಮೊಳೆಯ ಗೂಡು ಎಲ್ಲಕ್ಕಿಂತ ದೊಡ್ಡದು, ಕೈಗೆ ಹತ್ತಿರದ್ದು. ಅದರ ಜತೆಗೆ ಕೆಲವು ಜೋಡಿ ಮೊಳೆಗಳಿರುತ್ತಿದ್ದವು. ‘ಎಫ್’ ಅಕ್ಷರದ ತಲೆ ಮುಂದಕ್ಕೆ ಬಾಗಿರುತ್ತದೆ. ಅದರ ಪಕ್ಕದಲ್ಲಿ ಉದ್ದ ಕತ್ತಿನ ‘ಎಲ್’ ನಿಲ್ಲಿಸಿದರೆ ಎರಡೂ ಡಿಕ್ಕಿ ಹೊಡೆದು ಎಫ್‌ನ ತುದಿ ಮುರಿಯುತ್ತದೆ. ಅದಕ್ಕಾಗಿ ಎಫ್-ಎಲ್ ಎರಡನ್ನೂ ಸೇರಿಸಿ ಒಂದೇ ಮೊಳೆಯಾಗಿ ಎರಕ ಹೊಯ್ಯುತ್ತಿದ್ದರು. ವರ್ಷಗಟ್ಟಲೆ ಆ ಒಂದು ಗೂಡಿಗೆ ಕೈ ಹಾಕಿದವನಿಗೆ ಒಂದು ಅನುಮಾನ ಬಾರದೆ ಇರುವುದಿಲ್ಲ. ಫ್ಲೈ, ಫ್ಲೋ, ಫ್ಲೋಟ್, ಫ್ಲಡ್, ಫ್ಲೀ, ಫ್ಲಟರ್, ಫ್ಲ್ಯಾಪ್, ಫ್ಲಿಕರ್, ಫ್ಲ್ಯಾಶ್: ಹಾರುವುದು, ಹರಿಯುವುದು, ತೇಲುವುದು, ಉಕ್ಕುವುದು, ಓಡಿಹೋಗುವುದು, ರೆಕ್ಕೆ ಬಡಿಯುವುದು, ದೀಪ ತುಯ್ದಾಡುವುದು. ಒಂದೂ ಸುಮ್ಮನೆ ಕೂರುವ ಪದವಲ್ಲ! ಆ ಮೊಳೆಯನ್ನೇ ಏನೋ ಚಡಪಡಿಕೆ ಹಿಡಿದುಕೊಂಡಿದೆ ಎಂದುಕೊಂಡಿದ್ದೆ. ಆಮೇಲೊಂದು ದಿನ ಫ್ಲೋರ್ ಬಂತು, ಫ್ಲ್ಯಾಟ್ ಬಂತು. ನೆಲ, ಚಪ್ಪಟೆ. ಇವುಗಳಿಗಿಂತ ಸುಮ್ಮನೆ ಬಿದ್ದಿರುವ ವಸ್ತು ಜಗತ್ತಿನಲ್ಲಿ ಉಂಟೇ? ನನ್ನ ಸಿದ್ಧಾಂತ ಅಲ್ಲಿಗೆ ಮುಗಿಯಿತು. ಪೂರ್ತಿ ಮುಗಿದಿರಲಿಲ್ಲ ಎಂದು ನಿಘಂಟು ಕೊಂಡ ಮೇಲೆ ಗೊತ್ತಾಯಿತು.

ಇಂಥ ಅನುಮಾನ ನನಗೊಬ್ಬನಿಗೇ ಬಂದದ್ದಲ್ಲ. ಅನಂತಕ್ಕೆ ಅಡ್ಡ ಮಲಗಿದ ಎಂಟರಂಥ ಚಿಹ್ನೆ ಕೊಟ್ಟ ಗಣಿತಜ್ಞ ಜಾನ್ ವಾಲಿಸ್, 1653ರಲ್ಲಿ ಇಂಗ್ಲಿಷಿಗೆ ಲ್ಯಾಟಿನ್ ಭಾಷೆಯಲ್ಲಿ ವ್ಯಾಕರಣ ಬರೆದಾಗಲೇ ಇಂಥ ಅಕ್ಷರಗುಂಪುಗಳನ್ನು ಪಟ್ಟಿ ಮಾಡಿದ್ದ. 1930ರಲ್ಲಿ ಜೆ. ಆರ್. ಫರ್ತ್ ಎಂಬ ಭಾಷಾಶಾಸ್ತ್ರಜ್ಞ ಇವಕ್ಕೆ ‘ಫೋನೆಸ್ತೀಮ್’ ಎಂದು ಹೆಸರಿಟ್ಟ. ಪದದ ತುಂಡು ತಾನಾಗಿ ನಿಲ್ಲುವುದಿಲ್ಲ, ಆದರೂ ಹತ್ತಾರು ಪದಗಳಲ್ಲಿ ಒಂದೇ ಬಗೆಯ ಅರ್ಥದ ವಾಸನೆ ಹೊತ್ತು ತಿರುಗುತ್ತದೆ. ಅದು ಆ ಹೆಸರಿನ ತಾತ್ಪರ್ಯ. ಅದರಲ್ಲಿ ಎಲ್ಲರೂ ಮೊದಲು ಕೊಡುವ ಉದಾಹರಣೆ ನಿಮ್ಮ ಪಟ್ಟಿಯಲ್ಲಿದ್ದ ಜಿ-ಎಲ್ ಗುಂಪೇ.

ಮೊಮ್ಮಗಳ ಪ್ರಶ್ನೆಗೆ ನಾನು ಬಾಯಲ್ಲಿ ಉತ್ತರ ಹೇಳಲಿಲ್ಲ. ಕತ್ತಲಾಗುವವರೆಗೆ ಕಾಯಲು ಹೇಳಿದೆ. ದೀಪ ಆರಿಸಿ, ಬ್ಯಾಟರಿ ಮುಗಿಯುತ್ತ ಬಂದಿದ್ದ ಟಾರ್ಚನ್ನು ಒಂದು ಬಟ್ಟೆಯ ಹಿಂದೆ ಹಿಡಿದೆ. ಬೆಳಕು ಇದೆಯೋ ಇಲ್ಲವೋ ಎನ್ನುವಂತೆ ನಡುಗುತ್ತಿತ್ತು. “ಇದು ಗ್ಲಿಮರ್” ಎಂದೆ. ಅವಳು ಒಂದು ಕ್ಷಣ ನೋಡಿ, “ಮಿಣಮಿಣ” ಎಂದಳು. ದೀಪ ಹಾಕಿ ಸ್ಟೀಲ್ ಚಮಚವನ್ನು ಚೆನ್ನಾಗಿ ಒರೆಸಿ ಬೆಳಕಿಗೆ ಹಿಡಿದೆ. ಅದು ಗ್ಲೀಮ್. “ಥಳಥಳ.” ಕುಂಡದ ಗಿಡದ ಎಲೆಯ ಮೇಲೆ ನೀರು ಚಿಮುಕಿಸಿದೆ. ಅದು ಗ್ಲಿಸನ್, ಒದ್ದೆಯಾದದ್ದರ ಹೊಳಪು. ಬೆವರಿದ ಹಣೆಗೂ ತುಂಬಿದ ಕಣ್ಣಿಗೂ ಸಲ್ಲುವ ಪದ. ಇಲ್ಲಿ ಅವಳು ತಡವರಿಸಿದಳು, ನಾನೂ ತಡವರಿಸಿದೆ. ಕೊನೆಗೆ ‘ನೀರಹೊಳಪು’ ಎಂದು ನಾವೇ ಒಂದು ಪದ ಕಟ್ಟಿಕೊಂಡೆವು. ಗ್ಲಿಟರ್‌ಗೆ ಅವಳೇ ಓಡಿಹೋಗಿ ಚಮಕಿ ಹೊಲಿದ ತನ್ನ ಕೈಚೀಲ ತಂದು ಅಲ್ಲಾಡಿಸಿದಳು. ನೂರು ಚುಕ್ಕೆ ಬೆಳಕು, ಒಂದು ಹೊತ್ತಿದರೆ ಇನ್ನೊಂದು ಆರುತ್ತದೆ. “ಝಗಮಗ!” ಚಾಕುವಿನ ಅಲಗು ತಿರುಗಿಸಿದಾಗ ಫಳ್ ಎಂದು ಒಮ್ಮೆ ಮಾತ್ರ ಮಿಂಚಿ ಮರೆಯಾಯಿತಲ್ಲ, ಅದು ಗ್ಲಿಂಟ್. ಟಾರ್ಚಿಗೆ ಹೊಸ ಬ್ಯಾಟರಿ ಹಾಕಿ ಅವಳು ನನ್ನ ಮುಖಕ್ಕೇ ಬಿಟ್ಟಳು. ಕಣ್ಣು ಕೋರೈಸಿತು. ಅದು ಗ್ಲೇರ್. ಅವಳನ್ನು ನಾನು ದುರುಗುಟ್ಟಿಕೊಂಡು ನೋಡಿದೆನಲ್ಲ, ಅದೂ ಗ್ಲೇರೇ. ಗ್ಲೋ ತೋರಿಸಲು ಕೆಂಡವಿರಲಿಲ್ಲ. ಉರಿಯಿಲ್ಲದೆ, ಸದ್ದಿಲ್ಲದೆ, ಒಳಗಿನಿಂದಲೇ ಬೆಳಗುವುದು ಎಂದು ಬಾಯಲ್ಲೇ ಹೇಳಬೇಕಾಯಿತು.

ಈಗ ನೋಡಿ, ಒಂದು ‘ಮಿನುಗು’ ಇದ್ದಲ್ಲಿ ಎಷ್ಟು ಕನ್ನಡ ಬಂತು! ಮಿಣಮಿಣ, ಥಳಥಳ, ಝಗಮಗ, ಫಳ್, ಕೋರೈಸು. ನನ್ನ ತಕರಾರಿನ ತಿರುಳು ಇದೇ. ನಾಲ್ಕು ಪದಗಳ ಎದುರು ಒಂದೇ ಪದ ಅಚ್ಚು ಹಾಕಿದಾಗ ಮಗು ಇಂಗ್ಲಿಷನ್ನೂ ಕಲಿಯಲಿಲ್ಲ, ಕನ್ನಡ ಬಡ ಭಾಷೆ ಎಂಬುದನ್ನು ಮಾತ್ರ ಸದ್ದಿಲ್ಲದೆ ಕಲಿತಿತು. ಅಂಕಣ ಬರೆಯುವವರಿಗೆ ಕನ್ನಡ ಗೊತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. ಅವಸರದಲ್ಲಿ ಮೊದಲು ಕೈಗೆ ಸಿಕ್ಕ ಮೊಳೆಯನ್ನೇ ನಾಲ್ಕು ಸಲ ಜೋಡಿಸಿದ್ದಾರೆ, ಅಷ್ಟೇ.

ಎರಡನೆಯ ಮಾತು ವಿಂಗಡಣೆಯ ಬಗ್ಗೆ. ಒಂದು ಅಕ್ಷರ ಹಂಚಿಕೊಂಡ ಮಾತ್ರಕ್ಕೆ ಪದಗಳು ಬಳಗವಾಗುವುದಿಲ್ಲ. ಹೊಳೆಯುವ ಆ ನಾಲ್ಕು ಪದಗಳ ಮಧ್ಯೆ ನೀವು ಗ್ಲವ್, ಗ್ಲೂ, ಗೋಟ್, ಗೇಟ್ ಎಲ್ಲವನ್ನೂ ತುರುಕಿದ್ದಿರಿ. ಗೋಟ್‌ಗೂ ಗೇಟ್‌ಗೂ ಏನು ಸಂಬಂಧ? ಇಂಗ್ಲಿಷ್ ಪದಗಳಲ್ಲಿ ಅರ್ಥದ ಸುಳಿವು ಹೆಚ್ಚಾಗಿ ಸಿಗುವುದು ಒಂಟಿ ಅಕ್ಷರದಲ್ಲಿ ಅಲ್ಲ, ಎರಡಕ್ಷರದ ಜೋಡಿಯಲ್ಲಿ. ಜಿ-ಎಲ್ ಪದಗಳನ್ನೇ ಒಂದು ವಾರ ಕೊಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಆಗ ಗ್ಲ್ಯಾಡ್ ಕೂಡ ಅಲ್ಲಿಗೆ ಬರುತ್ತಿತ್ತು. ಇಂದು ಅದಕ್ಕೆ ‘ಸಂತೋಷ’ ಎನ್ನುತ್ತೇವೆ, ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಬೆಳಗುವ, ಹೊಳೆಯುವ ಎಂದಿತ್ತು. ಖುಷಿಯಾದವನ ಮುಖ ಬೆಳಗಿತು ಎಂದು ನಾವು ಹೇಳುವುದಿಲ್ಲವೇ? ಗ್ಲೋ ಪದದ ಬೇರಿನಿಂದಲೇ ಗೋಲ್ಡ್ ಮತ್ತು ಯೆಲ್ಲೋ ಬಂದಿವೆ, ಸಂಸ್ಕೃತದ ಹಿರಣ್ಯವೂ ಅದೇ ಬೇರಿನದು ಎನ್ನುತ್ತದೆ ನನ್ನ ನಿಘಂಟು. ಹಾಗೆಂದು ಜಿ-ಎಲ್ ಎಲ್ಲ ಕಡೆಯೂ ಬೆಳಕಲ್ಲ. ಗ್ಲೂಮ್ ಇದೆ, ಮಂಕು ಕವಿದ ಕತ್ತಲೆ. ಮೊದಲು ಅದಕ್ಕೆ ಮುಖ ಸಿಂಡರಿಸುವುದು ಎಂಬ ಅರ್ಥ, ಕತ್ತಲೆಯ ಅರ್ಥ ಆಮೇಲೆ ಬಂದದ್ದು. ಇಂಥ ತಂಟೆಕೋರನನ್ನೂ ಮಕ್ಕಳಿಗೆ ತೋರಿಸಬೇಕು. ನಿಯಮಕ್ಕಿಂತ ಅವರು ಇವನನ್ನೇ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ.

ಎಸ್-ಎನ್ ಜೋಡಿ ಮೂಗಿನದು. ಸ್ನಿಫ್ ಎಂದರೆ ಮೂಸು, ಸ್ನೌಟ್ ಎಂದರೆ ಮೂತಿ, ಸ್ನೋರ್ ಎಂದರೆ ಗೊರಕೆ, ಸ್ನಾರ್ಟ್ ಎಂದರೆ ಮೂಗಿನಿಂದ ಬುಸ್ ಎನ್ನುವುದು, ಸ್ನೀಜ್ ಎಂದರೆ ಸೀನು. ನಮ್ಮಲ್ಲಿ ಮೂಗು, ಮೂಸು, ಮೂತಿ ಎಂದು ‘ಮೂ’ ಮಾಡುವ ಕೆಲಸವನ್ನೇ ಅಲ್ಲಿ ‘ಸ್ನ್’ ಮಾಡುತ್ತದೆ. (ಸೀನು ಎನ್ನುವಾಗ ನಮಗೂ ಸ-ನ ಬರುತ್ತದೆ. ಅದು ಕಾಕತಾಳೀಯ, ಸೀನು ಬಂದಾಗ ಯಾರೂ ವ್ಯಾಕರಣ ನೋಡುವುದಿಲ್ಲ.) ಆದರೆ ಈ ಸ್ನೀಜ್ ಇದೆಯಲ್ಲ, ಅದರ ಕಥೆ ಮೊಳೆ ಜೋಡಿಸಿದವನಿಗೇ ಹೇಳಿ ಮಾಡಿಸಿದಂತಿದೆ. ಹಳೆಯ ಇಂಗ್ಲಿಷಿನಲ್ಲಿ ಸೀನುವುದಕ್ಕೆ ಇದ್ದ ಪದ ಎಸ್-ಎನ್ ಅಲ್ಲ, ಎಫ್-ಎನ್‌ನಿಂದ ಶುರುವಾಗುತ್ತಿತ್ತು. ‘ಫ್ನ್’ ಎಂದು ಒಮ್ಮೆ ಹೇಳಿ ನೋಡಿ, ಅರ್ಧ ಸೀನಿದಂತೆಯೇ ಆಗುತ್ತದೆ! ಹಿಂದೆ ಬರವಣಿಗೆಯಲ್ಲಿಯೂ ಅಚ್ಚಿನಲ್ಲಿಯೂ ‘ಎಸ್’ಗೆ ಇನ್ನೊಂದು ರೂಪವಿತ್ತು. ಉದ್ದಕ್ಕೆ ನಿಂತು ತಲೆ ಬಾಗಿಸಿದ ಎಸ್, ಥೇಟ್ ಎಫ್‌ನಂತೆ. ಎಫ್‌ನ ಅಡ್ಡಗೆರೆ ಪೂರ್ತಿ ಇರುತ್ತಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಇಂಗ್ಲಿಷ್ ಅಚ್ಚಿನಿಂದ ಅದು ಮರೆಯಾದದ್ದು 1800ರ ಆಸುಪಾಸಿನಲ್ಲಿ. ಎಫ್-ಎನ್ ಪದಗಳು ಅಪರೂಪವಾದ ಮೇಲೆ ಓದುವವರು ಅದನ್ನು ಎಸ್-ಎನ್ ಎಂದೇ ಓದಿಕೊಂಡರು, ಹಾಗೆ ಸ್ನೀಜ್ ಹುಟ್ಟಿತು ಎಂಬುದು ಒಂದು ವಾದ. ಮೂಗಿನ ಪದಗಳೆಲ್ಲ ಎಸ್-ಎನ್ ಕಡೆ ಸೇರಿದ್ದರಿಂದ ಇದೂ ಗುಂಪಿಗೆ ಸೇರಿಕೊಂಡಿತು ಎಂಬುದು ಇನ್ನೊಂದು. ನಾನು ಮೊದಲನೆಯ ವಾದದ ಕಡೆಯವನು. ಜೀವನವಿಡೀ ಕರಡಚ್ಚಿನಲ್ಲಿ ತಪ್ಪು ಮೊಳೆಗಾಗಿ ಬೈಸಿಕೊಂಡವನಿಗೆ, ಒಂದು ತಪ್ಪು ಓದು ಇಡೀ ಭಾಷೆಯ ಮೂಗು ಸೇರಿತು ಎಂದರೆ ಸಮಾಧಾನವಲ್ಲದೆ ಇನ್ನೇನು?

ಡಬ್ಲ್ಯು-ಆರ್ ತಿರುಚುವ ಜೋಡಿ, ಇಲ್ಲಿ ಡಬ್ಲ್ಯು ಬರವಣಿಗೆಯಲ್ಲಿದೆ, ಉಚ್ಚಾರದಲ್ಲಿಲ್ಲ. ರಿಂಗ್ ಎಂದರೆ ಬಟ್ಟೆ ಹಿಂಡುವುದು, ರೆಂಚ್ ಎಂದರೆ ತಿರುಚಿ ಎಳೆಯುವುದು, ರಿಸ್ಟ್ ಎಂದರೆ ತಿರುಗುವ ಮಣಿಕಟ್ಟು, ರೀತ್ ಎಂದರೆ ಸುತ್ತಿ ಕಟ್ಟಿದ ಹೂವಿನ ಹಾರ, ರಿಗಲ್ ಎಂದರೆ ಹುಳುವಿನಂತೆ ಹೊರಳಾಡುವುದು. ತಪ್ಪು ಎನ್ನುವ ರಾಂಗ್ ಕೂಡ ಮೂಲದಲ್ಲಿ ಸೊಟ್ಟಗಿನದು, ವಕ್ರವಾದದ್ದು. ಅದರ ಎದುರಾಳಿ ರೈಟ್ ನೆಟ್ಟಗಿನದು, ಸಂಸ್ಕೃತದ ಋಜುವಿನ ಬಂಧು. ಬರೆಯುವುದು ಎಂಬ ರೈಟ್‌ನಲ್ಲಿಯೂ ಡಬ್ಲ್ಯು ಇದೆ, ಆದರೆ ಅದು ಈ ಬಳಗದ್ದಲ್ಲ, ಮೂಲದಲ್ಲಿ ಕೆತ್ತುವುದು, ಗೀಚುವುದು ಎಂದು ಅರ್ಥ. ಟಿ-ಡಬ್ಲ್ಯು ಜೋಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ವಿನ್, ಟ್ವೈಸ್, ಟ್ವೆಲ್ವ್, ಟ್ವೆಂಟಿ, ಬಿಟ್ವೀನ್ ಎಂದು ಒಮ್ಮೆ ಸಾಲಾಗಿ ಬರೆಸಿದರೆ, ಎರಡು ಎನ್ನುವ ‘ಟೂ’ ಪದದಲ್ಲಿ ಸದ್ದಿಲ್ಲದ ಡಬ್ಲ್ಯು ಯಾಕಿದೆ ಎಂದು ಮಗು ಮತ್ತೆ ಕೇಳುವುದಿಲ್ಲ. ನಮ್ಮ ಇಬ್ಬರು, ಇಮ್ಮಡಿ, ಇಪ್ಪತ್ತು, ಇಕ್ಕೆಲಗಳಲ್ಲಿ ‘ಇರ್’ ಅಡಗಿರುವ ಹಾಗೆಯೇ ಅದು.

ಸದ್ದಿಲ್ಲದ ಅಕ್ಷರದ ಮಾತು ಬಂದದ್ದರಿಂದ ನಿಮ್ಮ ಅಂಕಣದ ಕೆಳಗಿನ ಚೌಕಟ್ಟಿಗೆ ಬರುತ್ತೇನೆ. ಅಲ್ಲಿ ‘ಕೆ-ಎನ್ ಇರುವ ಪದಗಳಲ್ಲಿ ಕೆ ಅನಗತ್ಯ, ಮರೆತುಬಿಡಿ’ ಎಂದು ಮಕ್ಕಳಿಗೆ ಸಲಹೆ ಕೊಟ್ಟಿದ್ದೀರಿ. ಓದಿ ನನಗೆ ನಿಜಕ್ಕೂ ಬೇಸರವಾಯಿತು. ಆ ಕೆ ಒಂದು ಕಾಲದಲ್ಲಿ ಬಾಯಿ ತುಂಬ ಉಚ್ಚರಿಸುತ್ತಿದ್ದ ಅಕ್ಷರ. ಇಂಗ್ಲಿಷರ ನಾಲಿಗೆ ಅದನ್ನು ಕೈಬಿಟ್ಟದ್ದು 17ನೇ ಶತಮಾನದ ಹೊತ್ತಿಗೆ. ಮೊಣಕಾಲಿಗೆ ಜರ್ಮನ್ನರು ಇವತ್ತಿಗೂ ‘ಕ್ನೀ’ ಎಂದೇ ಹೇಳುತ್ತಾರೆ. ಅದೇ ಪದ ಸಂಸ್ಕೃತದಲ್ಲಿ ಜಾನು. ಮೊಣಕಾಲು ಮುಟ್ಟುವ ಕೈಯುಳ್ಳವನನ್ನು ಆಜಾನುಬಾಹು ಎನ್ನುತ್ತೇವಲ್ಲ, ಆ ಜಾನು. ಇನ್ನು ‘ನೋ’ ಎಂದರೆ ತಿಳಿ. ಅದರ ಕೆ-ಎನ್, ಗ್ರೀಕ್ ಮತ್ತು ಲ್ಯಾಟಿನ್‌ನಲ್ಲಿ ಜಿ-ಎನ್ ಆಗಿ, ಸಂಸ್ಕೃತದಲ್ಲಿ ‘ಜ್ಞ’ ಆಗಿ ಕೂತಿದೆ. ಡಯಾಗ್ನೋಸಿಸ್, ರೆಕಗ್ನೈಸ್, ಇಗ್ನೊರೆಂಟ್ ಎಲ್ಲ ಆ ಮನೆಯವೇ. ನಾವು ಜ್ಞಾನ ಎಂದು ಬರೆದು ಬಾಯಲ್ಲಿ ‘ಗ್ನಾನ’ ಎನ್ನುತ್ತೇವೆ, ನೋಡಿ ಎಷ್ಟು ಹತ್ತಿರ ಬಂದೆವು! ಗ್ರೀಕಿನಿಂದ ಬಂದ ಪ್ರಾಗ್ನೋಸಿಸ್ ಅನ್ನು ಬಿಚ್ಚಿ ನೋಡಿದರೆ ಪ್ರ ಮತ್ತು ಜ್ಞಾ, ಅಂದರೆ ನಮ್ಮ ಪ್ರಜ್ಞೆ ಕಟ್ಟಿದ ತುಂಡುಗಳೇ. ಅಗ್ನಾಸ್ಟಿಕ್‌ನಲ್ಲಿ ಇರುವ ‘ಅ’ ಅಜ್ಞನ ‘ಅ’ವೇ. ಅರ್ಥಗಳು ಬೇರೆ ದಾರಿ ಹಿಡಿದಿವೆ, ಮೊಳೆಗಳು ಮಾತ್ರ ಒಂದೇ ಎರಕದವು. ಇಷ್ಟು ದೊಡ್ಡ ನೆಂಟಸ್ತಿಕೆಯ ಗುರುತಿನ ಚೀಟಿಯನ್ನು ‘ಅನಗತ್ಯ’ ಎಂದು ಹರಿದು ಹಾಕಲು ಹೇಳಬಹುದೇ?

ಕೆ-ಎನ್ ಗುಂಪಿನಲ್ಲಿ ಗಂಟಿನ ಪದಗಳೂ ಇವೆ. ನಾಟ್ ಎಂದರೆ ಗಂಟು, ನಕಲ್ ಎಂದರೆ ಬೆರಳ ಗೆಣ್ಣು, ನಾಬ್ ಎಂದರೆ ಗುಬುಟು. ಹೆಣೆಯುವುದು ಎಂಬ ನಿಟ್ ಕೂಡ ಗಂಟು ಹಾಕು ಎಂಬುದರಿಂದಲೇ ಬಂದದ್ದು. ನೈಟ್ ಮತ್ತು ನೇವ್ ಎಂಬ ಇಬ್ಬರು ಮಾತ್ರ ಬೇರೆ. ಎರಡಕ್ಕೂ ಮೊದಲಿದ್ದ ಅರ್ಥ ‘ಹುಡುಗ’ ಎಂದೇ. ಒಬ್ಬ ಬೆಳೆದು ಕುದುರೆ ಏರಿ ಸರದಾರನಾದ, ಇನ್ನೊಬ್ಬ ಫಟಿಂಗನಾದ. ಎರಡು ಪದಗಳ ಹಣೆಬರಹ ಇಷ್ಟು ಬೇರೆಯಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ಎಫ್-ಎಲ್ ಮೊಳೆಗೆ ವಾಪಸು ಬರುತ್ತೇನೆ, ಏಕೆಂದರೆ ಅಕ್ಷರ ನಂಬಿ ನಾನೇ ಎಡವಿದ ಜಾಗ ಅದು. ಸಂಸ್ಕೃತದಲ್ಲಿ ‘ಪ’ ಇದ್ದಲ್ಲಿ ಇಂಗ್ಲಿಷಿನ ಸ್ವಂತ ಪದಗಳಲ್ಲಿ ‘ಫ’ ಬರುತ್ತದೆ. ಪಾದ ಮತ್ತು ಫುಟ್, ಪಂಚ ಮತ್ತು ಫೈವ್, ಪಿತೃ ಮತ್ತು ಫಾದರ್. ಈ ಪಲ್ಲಟವನ್ನು 1822ರಲ್ಲಿ ಕ್ರಮಬದ್ಧವಾಗಿ ತೋರಿಸಿದವನು ಯಾಕೋಬ್ ಗ್ರಿಮ್, ಮಕ್ಕಳ ಕಥೆ ಸಂಗ್ರಹಿಸಿದ ಅಣ್ಣತಮ್ಮಂದಿರಲ್ಲಿ ಹಿರಿಯ. ಆ ಸೂತ್ರದಂತೆ ಫ್ಲೋ, ಫ್ಲೋಟ್, ಫ್ಲೈಗಳಿಗೆ ಸಂಸ್ಕೃತದಲ್ಲಿ ನೆಂಟ ಯಾರು? ಪ್ಲವ, ತೇಲುವುದು, ದೋಣಿ. ಸರಿ, ನನ್ನ ಹಳೆಯ ಸಿದ್ಧಾಂತಕ್ಕೆ ಅರ್ಧ ಜೀವ ಬಂತು ಎಂದು ಹಿಗ್ಗಿ ಹಾಳೆಯ ಮೇಲೆ ಫ್ಲೂಯಿಡ್ ಪದವನ್ನೂ ಅದರ ಪಕ್ಕ ಬರೆದುಕೊಂಡೆ. ಫ್ಲೋ ಎಂದರೆ ಹರಿ, ಫ್ಲೂಯಿಡ್ ಎಂದರೆ ಹರಿಯುವಂಥದ್ದು. ಅದೇ ಎಫ್, ಅದೇ ಎಲ್, ಅದೇ ಅರ್ಥ. ಇವು ಅಣ್ಣತಮ್ಮಂದಿರಲ್ಲದೆ ಇನ್ನೇನು? ಅಲ್ಲ! ಫ್ಲೂಯಿಡ್ ಲ್ಯಾಟಿನ್‌ನಿಂದ ಬಂದದ್ದು, ಅದರ ಬೇರು ಬೇರೆ. ಎರಡೂ ಬೇರೆ ಬೇರೆ ಊಟೆಯಿಂದ ಹೊರಟು ಒಂದೇ ಪಾತ್ರದಲ್ಲಿ ಹರಿದವು. ಐಲ್ ಮತ್ತು ಐಲೆಂಡ್ (ಎರಡಕ್ಕೂ ಅರ್ಥ ದ್ವೀಪ) ಕಥೆ ಇನ್ನೂ ತಮಾಷೆಯದು. ಐಲೆಂಡ್‌ನಲ್ಲಿ ಮೊದಲು ಎಸ್ ಇರಲೇ ಇಲ್ಲ. ಲ್ಯಾಟಿನ್ ಮೂಲದ ಐಲ್ ನೋಡಿದ ಪಂಡಿತರು ಇದೂ ಅದರ ಮಗನೇ ಇರಬೇಕೆಂದು ನಡುವೆ ಎಸ್ ತುರುಕಿದರು. ಇಂದಿಗೂ ಮಕ್ಕಳು ಆ ಎಸ್ ಮರೆತು ಅಂಕ ಕಳೆದುಕೊಳ್ಳುತ್ತಾರೆ. ತಪ್ಪು ಪಂಡಿತರದು, ದಂಡ ಮಕ್ಕಳಿಗೆ.

ಹಾಗಾದರೆ ಅಕ್ಷರ ನಂಬಬೇಕೋ ಬೇಡವೋ ಎಂದು ನೀವು ಕೇಳಬಹುದು. ಮುಖ ನೋಡಿ ಮನೆತನ ಊಹಿಸುವವರ ಹಾಗೆ ಊಹಿಸಬೇಕು, ಆಮೇಲೆ ನಿಘಂಟಿನಲ್ಲಿ ವಿಚಾರಿಸಬೇಕು. ಪೆನ್ ಮತ್ತು ಪೆನ್ಸಿಲ್ ನೋಡಿ. ಒಂದೇ ಡಬ್ಬಿಯಲ್ಲಿ ಮಲಗುತ್ತವೆ, ಮೊದಲ ಮೂರು ಅಕ್ಷರ ಒಂದೇ, ಮಾಡುವ ಕೆಲಸವೂ ಒಂದೇ. ಎರಡಕ್ಕೂ ರಕ್ತ ಸಂಬಂಧವಿಲ್ಲ. ಪೆನ್ಸಿಲ್ ಬಂದದ್ದು ‘ಪುಟ್ಟ ಬಾಲ’ ಎಂಬ ಲ್ಯಾಟಿನ್ ಪದದಿಂದ. ಚಿತ್ರ ಬರೆಯುವ ಸಣ್ಣ ಕುಂಚಕ್ಕೆ ಆ ಹೆಸರಿತ್ತು. ಕುಂಚದಂತೆ ಕಾಣುವ ಒಂದು ಬೂಷ್ಟಿಗೂ ಅದೇ ಹೆಸರಿಟ್ಟರು, 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅದರಲ್ಲಿ ಕಂಡ ಔಷಧಗುಣಕ್ಕೆ ಪೆನಿಸಿಲಿನ್ ಎಂದು ಹೆಸರಾಯಿತು. ಅಂದರೆ ಪೆನ್ಸಿಲ್‌ನ ನಿಜವಾದ ನೆಂಟ ಔಷಧದ ಅಂಗಡಿಯಲ್ಲಿದ್ದಾನೆ, ಡಬ್ಬಿಯಲ್ಲಿಲ್ಲ. ಪೆನ್ ಎಂದರೆ ಗರಿ. ಹಾರು ಎಂಬ ಹಳೆಯ ಬೇರಿನಿಂದ ಬಂದ ಲ್ಯಾಟಿನ್ ಪದ. ಅದೇ ಬೇರು ಇಂಗ್ಲಿಷಿನ ಸ್ವಂತ ದಾರಿಯಲ್ಲಿ ಬಂದು, ಗ್ರಿಮ್ ಹೇಳಿದಂತೆ ಪ ಹೋಗಿ ಫ ಆಗಿ, ಫೆದರ್ ಆಯಿತು. ಸಂಸ್ಕೃತದಲ್ಲಿ ಪತ್ರವಾಯಿತು: ಮೊದಲು ರೆಕ್ಕೆ, ಆಮೇಲೆ ಎಲೆ, ಎಲೆಯ ಮೇಲೆ ಬರೆದದ್ದು. ಪೆನ್ನಿಗೆ ಪೆನ್ಸಿಲ್ ನೆಂಟನಲ್ಲ, ನಾನು ಈಗ ಬರೆಯುತ್ತಿರುವ ಈ ಪತ್ರ ನೆಂಟ. ಇದನ್ನು ಹೇಳಿದಾಗ ಮೊಮ್ಮಗಳು ನಂಬಲಿಲ್ಲ. ನಿಘಂಟು ತಂದು ಬೆರಳಿಟ್ಟು ತೋರಿಸಬೇಕಾಯಿತು.

ಕೊನೆಯದಾಗಿ ನನ್ನ ಬೇಡಿಕೆ. ಮುಂದಿನ ಸರದಿ ‘ಎಚ್’ ಅಕ್ಷರದ್ದು. ಹ್ಯಾಟ್, ಹೆನ್, ಹಟ್ ಎಂದು ಪಟ್ಟಿ ಈಗಾಗಲೇ ತಯಾರಾಗಿರಬಹುದು. ಸಾಧ್ಯವಾದರೆ ತಡೆದು ನಿಲ್ಲಿಸಿ. ಅದರ ಬದಲು ಮೂರು ಸಾಲು ಅಚ್ಚು ಹಾಕಿ. ಹಿಯರ್, ದೇರ್, ವೇರ್. ಹೆನ್ಸ್, ದೆನ್ಸ್, ವೆನ್ಸ್. ಹಿದರ್, ದಿದರ್, ವಿದರ್. ಎದುರಿಗೆ ಇಲ್ಲಿ, ಅಲ್ಲಿ, ಎಲ್ಲಿ. ಇಲ್ಲಿಂದ, ಅಲ್ಲಿಂದ, ಎಲ್ಲಿಂದ. ಇತ್ತ, ಅತ್ತ, ಎತ್ತ. ಎಚ್ ಎಂದರೆ ನಮ್ಮ ‘ಇ’, ಟಿ-ಎಚ್ ಎಂದರೆ ನಮ್ಮ ‘ಅ’, ಡಬ್ಲ್ಯು-ಎಚ್ ಎಂದರೆ ನಮ್ಮ ‘ಎ’. ವಿವರಣೆಯೇ ಬೇಕಿಲ್ಲ, ಕನ್ನಡದ ಮಗುವಿಗೆ ನೋಡಿದ ಕೂಡಲೇ ಹೊಳೆಯುತ್ತದೆ. ಎರಡು ಭಾಷೆಗಳಿಗೆ ರಕ್ತ ಸಂಬಂಧವಿಲ್ಲದಿದ್ದರೂ ಈ ಒಂದು ಗೂಡನ್ನು ಇಬ್ಬರೂ ಒಂದೇ ಕ್ರಮದಲ್ಲಿ ಜೋಡಿಸಿಟ್ಟಿದ್ದಾರೆ. ‘ಹೌ’ ಮಾತ್ರ ಡಬ್ಲ್ಯು ಬಿಟ್ಟು ಹೊರಗೆ ನಿಂತಂತೆ ಕಾಣುತ್ತದೆ, ಆದರೆ ಅದೂ ಅದೇ ಬಳಗದ್ದು. ಹಳೆಯ ಇಂಗ್ಲಿಷಿನಲ್ಲಿ ಈ ಪ್ರಶ್ನೆಗಳನ್ನೆಲ್ಲ ಡಬ್ಲ್ಯು-ಎಚ್ ಎಂದಲ್ಲ, ಎಚ್ ಮುಂದಿಟ್ಟೇ ಬರೆಯುತ್ತಿದ್ದರು. ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ಕಾಲದ ನಂತರದ ಲಿಪಿಕಾರರು ಎರಡನ್ನೂ ಅದಲುಬದಲು ಮಾಡಿದರು. ನಮ್ಮ ‘ಹೇಗೆ’ ಕೂಡ ಎಲ್ಲಿ, ಏನು, ಎಷ್ಟುಗಳ ಸಾಲಿನಿಂದ ಹಾಗೆಯೇ ‘ಹ’ ಹಿಡಿದು ಹೊರಗೆ ನಿಂತಿದೆ. ಇದನ್ನು ಕಂಡುಹಿಡಿದವಳು ನನ್ನ ಮೊಮ್ಮಗಳು, ನಾನಲ್ಲ. ಅವಳ ನೋಟ್‌ಬುಕ್ಕಿನಲ್ಲಿ ಈಗ ಅಕ್ಷರಕ್ಕೊಂದು ಪುಟ ಇಲ್ಲ, ಜೋಡಿಗೊಂದು ಪುಟ ಇದೆ. ಎಸ್-ಎನ್ ಪುಟದಲ್ಲಿ ಒಂದು ದೊಡ್ಡ ಮೂಗು ಬರೆದು, ಅದರ ಹೊರಗೆ ಸ್ನೇಕ್, ಸ್ನೋ, ಸ್ನೇಲ್ ಮೂವರನ್ನೂ ನಿಲ್ಲಿಸಿ ‘ಇವರಿಗೆ ಪ್ರವೇಶವಿಲ್ಲ’ ಎಂದು ಬರೆದಿದ್ದಾಳೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಮೊಳೆ ಜೋಡಣೆಗಾರ

ವಿ.ಸೂ.: ಕಳೆದ ವಾರದ ಪಟ್ಟಿಯಲ್ಲಿ ಗ್ಲಿಸನ್ ಪದದ ನಡುವಿನ ‘ಟಿ’ ಬಿದ್ದುಹೋಗಿದೆ. ಉಚ್ಚಾರದಲ್ಲಿ ಕೇಳಿಸುವುದಿಲ್ಲ ಎಂದು ಬಿಟ್ಟಿರೋ, ಕರಡು ನೋಡುವವರ ಕಣ್ಣು ತಪ್ಪಿತೋ ತಿಳಿಯದು. ಈ ವಾರ ತಿದ್ದುಪಡಿ ಹಾಕಿ. ಮೊಮ್ಮಗಳು ಅದನ್ನು ಟಿ ಇಲ್ಲದೆಯೇ ಐದು ಸಲ ಬರೆದು ಮುಗಿಸಿದ್ದಾಳೆ, ಮತ್ತೆ ಬರೆಯಬೇಕಾದರೆ ಪತ್ರಿಕೆಯಲ್ಲಿ ತಿದ್ದುಪಡಿ ನೋಡಿದ ಮೇಲೆಯೇ ಎಂದು ಹಟ ಹಿಡಿದು ಕೂತಿದ್ದಾಳೆ.